ಬೀಗದ ಕೈ ಯಾರ ಬಳಿ ಇದೆ?

(ಬೆಂಗಳೂರಿನಲ್ಲಿ ಸಣ್ಣ ಸೇವಾ ಉದ್ಯಮ ನಡೆಸುವವರ ಸಂಜೆಯ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ನಾನು ಮನೆಗಳ ಹೊರಮೈ ತೊಳೆಯುವವನು. ಒಳಗೆ ಕಾಲಿಡುವುದಿಲ್ಲ. ಗೇಟು, ಕಾಂಪೌಂಡು, ಪೋರ್ಟಿಕೋ, ಹೊರಗೋಡೆ, ಸಜ್ಜಾ, ತಾರಸಿ, ಪ್ಯಾರಪೆಟ್, ಅಲ್ಲಿಗೆ ನನ್ನ ಸರಹದ್ದು ಮುಗಿಯಿತು. ಈ ಕೆಲಸ ಶುರು ಮಾಡುತ್ತೇನೆಂದಾಗ ನನ್ನ ಮಾವನವರು, 'ಮಳೆ ಬಂದರೆ ಗೋಡೆ ತಾನಾಗಿಯೇ ತೊಳೆದುಹೋಗುತ್ತದಲ್ಲ, ಅದಕ್ಕೆ ನಿಮಗೆ ದುಡ್ಡು ಯಾರು ಕೊಡುತ್ತಾರೆ?' ಎಂದು ಕೇಳಿದ್ದರು. ಗೋಡೆ ಕಪ್ಪಾಗುವುದೇ ಮಳೆಯಿಂದ ಎಂದು ಅವರಿಗೆ ಎದುರಾಡಲು ಹೋಗಲಿಲ್ಲ. ಆದರೆ ಅವರ ಪ್ರಶ್ನೆಯ ಎರಡನೆಯ ಅರ್ಧ ಸರಿಯಾಗಿತ್ತು. ದುಡ್ಡು ಯಾರು ಕೊಡುತ್ತಾರೆ? ಸ್ವಂತ ಮನೆಯಲ್ಲಿ ವಾಸವಿರುವವರು ಕೊಡುವುದು ಅಪರೂಪ. ದಿನಾ ನೋಡಿ ನೋಡಿ ಆ ಕಪ್ಪು ಅವರ ಪಾಲಿಗೆ ಗೋಡೆಯ ಬಣ್ಣವೇ ಆಗಿರುತ್ತದೆ. ಮನೆಯಲ್ಲಿ ಮದುವೆ ಬಂದರೆ ನೇರವಾಗಿ ಪೇಂಟರನ್ನು ಕರೆಸುತ್ತಾರೆ. ಆ ಕಪ್ಪು ಕಣ್ಣಿಗೆ ರಾಚುವುದು ಮನೆ ಕೊಳ್ಳಲು ಅಥವಾ ಬಾಡಿಗೆಗೆ ಹಿಡಿಯಲು ಮೊದಲ ಸಲ ಬಂದವರಿಗೆ. ಅವರನ್ನು ಕರೆತರುವವರು ರಿಯಲ್ ಎಸ್ಟೇಟ್ ಏಜೆಂಟರು. ಹಾಗಾಗಿ ನಾನು ಏಜೆಂಟರ ಬೆನ್ನು ಹತ್ತಿದೆ. ಆ ದಾರಿಯಲ್ಲಿ ಕಲಿತದ್ದನ್ನೂ ಎಡವಿದ್ದನ್ನೂ ಹೇಳಬೇಕೆಂದು ನಿಮ್ಮ ಸಂಘಟಕರು ಕೇಳಿದ್ದಾರೆ. ಎಡವಿದ್ದೇ ಹೆಚ್ಚು.

ಈ ಕಸುಬಿನ ಬಗ್ಗೆ ಯೂಟ್ಯೂಬಿನಲ್ಲಿ ಸಿಗುವುದೆಲ್ಲ ಬಹುಪಾಲು ಅಮೆರಿಕದವರ ಉಪದೇಶ. ಏಜೆಂಟರ ಕಚೇರಿಗೆ ತಿಂಡಿಯ ಡಬ್ಬಿ ತೆಗೆದುಕೊಂಡು ಹೋಗಿ, ಕಾರ್ಡು ಇಟ್ಟು ಬನ್ನಿ, ಊಟಕ್ಕೆ ಕರೆದು ನಿಮ್ಮ ಕೆಲಸದ ಬಗ್ಗೆ ವಿವರಿಸಿ ಎನ್ನುತ್ತಾರೆ. ನಾನೂ ಮಾಡಿದೆ. ಬನಶಂಕರಿ, ಪದ್ಮನಾಭನಗರ, ಜಯನಗರದ ಎಂಟು ಕಚೇರಿಗಳಿಗೆ ಮೈಸೂರು ಪಾಕಿನ ಡಬ್ಬಿ ಹಿಡಿದು ಹೋದೆ. ಎಲ್ಲರೂ ಪ್ರೀತಿಯಿಂದ ತಿಂದರು. ಒಬ್ಬರು, 'ತುಪ್ಪ ಇನ್ನೊಂದು ಚೂರು ಬೇಕಿತ್ತು' ಎಂದರು. ಕೆಲಸ ಒಂದೂ ಬರಲಿಲ್ಲ.

ಅಲ್ಲಿನವರು ಸುಳ್ಳು ಹೇಳುತ್ತಿಲ್ಲ. ಅಲ್ಲಿ ಮನೆ ಮಾರುವವರು ಸಾಮಾನ್ಯವಾಗಿ ಒಬ್ಬ ಏಜೆಂಟನ ಜೊತೆ ಇಂತಿಷ್ಟು ತಿಂಗಳಿಗೆಂದು ಲಿಖಿತ ಒಪ್ಪಂದ ಮಾಡಿಕೊಳ್ಳುತ್ತಾರೆ. ಆ ಅವಧಿಯಲ್ಲಿ ಬೇರೆ ಯಾರು ಗಿರಾಕಿ ತಂದರೂ ಇವನ ಪಾಲಿಗೆ ಮೋಸವಿಲ್ಲ. ಆದ್ದರಿಂದ ಒಳ್ಳೆಯ ಫೋಟೋ ತೆಗೆಸುವುದು, ಹುಲ್ಲು ಕತ್ತರಿಸಿಡುವುದು, ಗೋಡೆ ತೊಳೆಸುವುದು ಎಲ್ಲದರಲ್ಲೂ ಅವನಿಗೆ ಆಸಕ್ತಿ. ನಮ್ಮಲ್ಲಿ? ಜಯನಗರದ ಒಂದು ಮನೆ ಖಾಲಿಯಾಯಿತೆಂದರೆ ಸಂಜೆಯೊಳಗೆ ಹತ್ತು ಏಜೆಂಟರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದು ಓಡಾಡುತ್ತಿರುತ್ತದೆ. ಸಾಲದ್ದಕ್ಕೆ ಮಾಲೀಕರೇ ಗೇಟಿಗೆ ಟು-ಲೆಟ್ ಬೋರ್ಡು ಕಟ್ಟಿರುತ್ತಾರೆ. ಹನ್ನೊಂದನೆಯವನು ಗಿರಾಕಿ ತಂದರೆ ಮೊದಲ ಹತ್ತು ಜನರಿಗೆ ಪೆಟ್ರೋಲ್ ಖರ್ಚೂ ಗಿಟ್ಟುವುದಿಲ್ಲ. ಅಂಥ ಮನೆಯ ಗೋಡೆಗಾಗಿ ಯಾವ ಏಜೆಂಟ್ ತಲೆ ಕೆಡಿಸಿಕೊಳ್ಳುತ್ತಾನೆ? ತಾನು ಮಾಲೀಕರಿಗೆ ಹೇಳಿ ತೊಳೆಸಿದ ಮನೆಯನ್ನು ಪಕ್ಕದ ರಸ್ತೆಯವನು ತೋರಿಸಿ ಕಮಿಷನ್ ಎಣಿಸಿಕೊಂಡರೆ ಹೊಟ್ಟೆ ಉರಿಯುವುದಿಲ್ಲವೇ?

ಇಷ್ಟು ಅರ್ಥವಾಗಲು ನನಗೆ ಒಂದು ವರ್ಷ ಹಿಡಿಯಿತು. ಅರ್ಥ ಮಾಡಿಸಿದವರು ವಿಜಯನಗರದ ಕಡೆಯ ಒಬ್ಬ ಹಿರಿಯ ಏಜೆಂಟರು. ಜೆರಾಕ್ಸ್ ಅಂಗಡಿಗೆ ಅಂಟಿಕೊಂಡ ಎಂಟಡಿ ಅಗಲದ ಕಚೇರಿ. ಹಿಂದಿನ ಗೋಡೆಗೆ ಒಂದು ಮರದ ಹಲಗೆ, ಹಲಗೆಯ ತುಂಬ ಮೊಳೆಗಳ ಸಾಲು, ಪ್ರತಿ ಮೊಳೆಗೂ ಒಂದು ಕೀ ಗೊಂಚಲು. ನಾನು ಕರಪತ್ರ ಕೊಟ್ಟು ಮಾತು ಶುರು ಮಾಡಿದೆ. ಅಷ್ಟರಲ್ಲಿ ಅವರಿಗೆ ಫೋನ್ ಬಂತು. ನನ್ನ ಕರಪತ್ರವನ್ನು ಮಗುಚಿ ಹಾಕಿ, ಅದರ ಬೆನ್ನಿಗೆ ಯಾರದೋ ನಂಬರ್ ಬರೆದುಕೊಂಡರು. ಮಾತು ಮುಗಿಸಿ ಹಲಗೆಯ ಕಡೆ ತಿರುಗಿದರು. 'ಇವು ಹದಿನಾಲ್ಕು ಮನೆ. ಇವುಗಳ ಮಾಲೀಕರು ಒಬ್ಬರೂ ಊರಲ್ಲಿಲ್ಲ. ಗುಡಿಸಲು ಜನ ಕಳಿಸುವುದು ನಾನು, ನಲ್ಲಿ ಸೋರಿದರೆ ಪ್ಲಂಬರನ್ನು ಹಿಡಿಯುವುದು ನಾನು, ಕರೆಂಟ್ ಬಿಲ್ ಕಟ್ಟುವುದೂ ನಾನು. ನಿಮಗೆ ಮಾತಾಡಲೇಬೇಕೆಂದಿದ್ದರೆ ಇವುಗಳ ಬಗ್ಗೆ ಮಾತಾಡಿ' ಎಂದರು.

ಅಂದಿನಿಂದ ಹೊಸ ಏಜೆಂಟರನ್ನು ಭೇಟಿಯಾದಾಗ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: 'ಸರ್, ನಿಮ್ಮ ಬಳಿ ಕೀ ಇರುವ ಮನೆಗಳು ಎಷ್ಟು?' ವ್ಯವಹಾರ ಎಷ್ಟಾಗುತ್ತದೆ, ಕಚೇರಿಯಲ್ಲಿ ಎಷ್ಟು ಜನ, ಎಷ್ಟು ಏರಿಯಾ ನೋಡಿಕೊಳ್ಳುತ್ತಾರೆ ಎಂದೆಲ್ಲ ಕೇಳುವುದಿಲ್ಲ. ಕೀ ಕೊಟ್ಟಿದ್ದಾರೆಂದರೆ ಮಾಲೀಕರು ಅವರನ್ನು ನಂಬಿದ್ದಾರೆ ಎಂದರ್ಥ. ಕಾಗದದ ಮೇಲೆ ಒಪ್ಪಂದವಿಲ್ಲದಿದ್ದರೂ ಆ ಮನೆ ಬಹುಮಟ್ಟಿಗೆ ಅವರ ಕೈಯಲ್ಲೇ ವಿಲೇವಾರಿಯಾಗುತ್ತದೆ. ಬೇರೆ ಏಜೆಂಟ್ ಗಿರಾಕಿ ತಂದರೂ ಬಾಗಿಲು ತೆಗೆಸಲು ಇವರ ಬಳಿಗೇ ಬರಬೇಕು. ಮಾಲೀಕರು ನ್ಯೂಜೆರ್ಸಿಯಲ್ಲೋ ಪುಣೆಯಲ್ಲೋ ಇದ್ದು, ಮನೆಯ ಸ್ಥಿತಿ ಹೇಗಿದೆಯೋ ಎಂಬ ಚಿಂತೆಯಲ್ಲಿರುತ್ತಾರೆ. ಗೋಡೆ ತೊಳೆಸೋಣವೇ ಎಂದು ಏಜೆಂಟರು ಕೇಳಿದರೆ ಬೇಡ ಎನ್ನುವವರು ಕಡಿಮೆ. ಇಪ್ಪತ್ತು ಏಜೆಂಟರ ಪರಿಚಯಕ್ಕಿಂತ ಇಂಥ ಇಬ್ಬರ ಸ್ನೇಹ ನನಗೆ ಹೆಚ್ಚು ಊಟ ಹಾಕಿದೆ.

ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಪಟ್ಟಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಪಟ್ಟಿ ಹಿಡಿದು ಏಜೆಂಟರನ್ನು ಹುಡುಕುವ ಉಪಾಯವನ್ನು ನಿಮ್ಮಲ್ಲಿ ಯಾರಾದರೂ ಮಾಡಿಯೇ ಮಾಡುತ್ತೀರಿ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ, ನೋಂದಣಿಯಾದ ಪ್ರಾಜೆಕ್ಟುಗಳಲ್ಲಿ ಮಾರಾಟ ಮಾಡಿಸುವ ಏಜೆಂಟರು ತಾವೂ ನೋಂದಣಿ ಮಾಡಿಸಬೇಕು. ಕರ್ನಾಟಕ ರೇರಾ ಜಾಲತಾಣದಲ್ಲಿ ಅವರ ಪಟ್ಟಿ ಇದೆ. ನಿಧಿ ಸಿಕ್ಕಿತೆಂದು ಎರಡು ವಾರ ಕೂತು ಫೋನ್ ಮಾಡಿದೆ. ನನಗೆ ಸಿಕ್ಕವರಲ್ಲಿ ಹೆಚ್ಚಿನವರು ಬಿಲ್ಡರುಗಳ ಹೊಸ ಫ್ಲ್ಯಾಟು ಮಾರುವವರು. ಹೊಸ ಕಟ್ಟಡಕ್ಕೆ ನನ್ನಿಂದ ಆಗಬೇಕಾದದ್ದೇನು? ನನಗೆ ಬೇಕಾದದ್ದು ಹತ್ತಿಪ್ಪತ್ತು ಮಳೆಗಾಲ ಕಂಡ ಮನೆಗಳು. ಅವುಗಳ ಏಜೆಂಟರು ಸಿಗುವುದು ಬಡಾವಣೆಯ ಒಳರಸ್ತೆಗಳಲ್ಲಿ, ಸ್ಟೇಷನರಿ ಅಂಗಡಿಯ ಮಹಡಿಯ ಮೇಲೆ, ದರ್ಶಿನಿಯ ಮುಂದೆ ಕಾಫಿ ಹಿಡಿದು ನಿಂತಲ್ಲಿ. ಹಾಗೆಯೇ, ಅವರ ಮುಖದೆದುರು 'ಬ್ರೋಕರ್' ಎನ್ನಬೇಡಿ. ಊರೆಲ್ಲ ಹಾಗೆ ಕರೆಯುತ್ತದೆ, ಅವರೂ ತಮ್ಮ ತಮ್ಮಲ್ಲಿ ಹಾಗೆ ಕರೆದುಕೊಳ್ಳುತ್ತಾರೆ. ಆದರೆ ಕಾರ್ಡಿನಲ್ಲಿ 'ಪ್ರಾಪರ್ಟಿ ಕನ್ಸಲ್ಟೆಂಟ್' ಎಂದು ಅಚ್ಚು ಹಾಕಿಸಿರುವವರಿಗೆ ಹೊರಗಿನವರ ಬಾಯಲ್ಲಿ ಆ ಪದ ಕೇಳುವುದು ಇಷ್ಟವಿಲ್ಲ.

ಸರಿ, ಕೀ ಇರುವವರು ಸಿಕ್ಕರು. ಅವರಿಗೆ ಏನು ಹೇಳುವುದು? ನಾನು ಕಣ್ಣಾರೆ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಬನಶಂಕರಿಯಲ್ಲಿ ಒಂದು ಮನೆಯ ಕಾಂಪೌಂಡ್ ತೊಳೆಯುತ್ತಿದ್ದೆ. ಎದುರು ಮನೆ ಮಾರಾಟಕ್ಕಿತ್ತು. ಒಂದು ಸಂಸಾರ ನೋಡಲು ಬಂತು: ಮಗಳು, ಅಳಿಯ, ಹಿರಿಯರೊಬ್ಬರು. ಅಳಿಯ ಏಜೆಂಟರ ಹತ್ತಿರ ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ, ಕಾರು ಒಳಗೆ ಹೋಗುತ್ತದೆಯೇ ಎಂದು ಕೇಳುತ್ತಿದ್ದರು. ಹಿರಿಯರು ಯಾರಿಗೂ ಹೇಳದೆ ಮನೆಯ ಪಕ್ಕದ ಓಣಿಗೆ ಹೋದರು. ಮೂವತ್ತು-ನಲವತ್ತರ ಸೈಟುಗಳಲ್ಲಿ ಮನೆಗೂ ಕಾಂಪೌಂಡಿಗೂ ನಡುವೆ ಬಿಟ್ಟಿರುವ ಮೂರಡಿ ಜಾಗ ನಿಮಗೆ ಗೊತ್ತು. ಬಿಸಿಲು ಬೀಳುವುದಿಲ್ಲ, ಸಜ್ಜಾದ ನೀರೆಲ್ಲ ಅಲ್ಲಿಗೇ. ಅವರು ಗೋಡೆಗೆ ಹೆಬ್ಬೆರಳು ಒತ್ತಿ ಉಜ್ಜಿದರು. ಹೊರಗೆ ಬಂದು ಅಳಿಯನ ಮುಖದ ಮುಂದೆ ಆ ಕಪ್ಪು ಬೆರಳು ಹಿಡಿದು, 'ಸೋರುತ್ತದೆ' ಎಂದರು. ಏಜೆಂಟರು, 'ಇಲ್ಲ ಸರ್, ಬರೀ ಪಾಚಿ' ಎಂದರು. ಹಿರಿಯರು ಕರವಸ್ತ್ರ ತೆಗೆದು ಬೆರಳು ಒರೆಸಿಕೊಂಡರು, ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು, ಕಾರಿನಲ್ಲಿ ಕೂತರು. ಅಲ್ಲಿಗೆ ಆ ವ್ಯಾಪಾರ ಮುಗಿಯಿತು.

ಆ ಏಜೆಂಟರನ್ನು ನಾನು ಅಲ್ಲೇ ಮಾತಾಡಿಸಿದೆ. 'ಪಾಚಿ ಎಂದು ನೀವು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ ಸರ್, ತೊಳೆದು ತೋರಿಸಿದರೆ ನಂಬುತ್ತಾರೆ' ಎಂದೆ. ಮಾಲೀಕರನ್ನು ಒಪ್ಪಿಸಿದರು, ತೊಳೆದೆ, ಸಜ್ಜಾದ ಕೆಳಗೆ ನೀರು ಇಳಿಯುವ ಪಟ್ಟೆಯಲ್ಲಿ ಮಾತ್ರ ಪಾಚಿ ಇತ್ತು, ಗೋಡೆ ಗಟ್ಟಿಯಾಗಿತ್ತು. ಮನೆ ಮಾರಾಟವಾಗಲು ಆಮೇಲೂ ಐದು ತಿಂಗಳು ಹಿಡಿಯಿತು. ಗೋಡೆ ತೊಳೆದರೆ ಮನೆ ಬೇಗ ಮಾರಾಟವಾಗುತ್ತದೆ ಎಂದು ಏಜೆಂಟರಿಗೆ ಹೇಳಬೇಡಿ, ನಗುತ್ತಾರೆ. ಖಾತೆ, ಬೆಲೆ, ವಾಸ್ತು, ರಸ್ತೆಯ ಅಗಲ, ಅಣ್ಣತಮ್ಮಂದಿರ ಜಗಳ ಎಲ್ಲ ದಾಟಿ ಮನೆ ಮಾರಾಟವಾಗಬೇಕು. 'ಸೋರುತ್ತದೆ' ಎಂಬ ಒಂದು ಮಾತನ್ನು ನಾನು ನಿಮ್ಮ ದಾರಿಯಿಂದ ತೆಗೆಯುತ್ತೇನೆ ಎಂದಷ್ಟೇ ಹೇಳುತ್ತೇನೆ. ಅವರಿಗೆ ತಕ್ಷಣ ಅರ್ಥವಾಗುತ್ತದೆ, ಏಕೆಂದರೆ ಆ ಮಾತನ್ನು ಅವರು ವಾರಕ್ಕೊಮ್ಮೆಯಾದರೂ ಕೇಳುತ್ತಾರೆ.

ನಿಜವಾಗಿಯೂ ಸೋರುತ್ತಿದ್ದರೆ? ಕಪ್ಪು ಮೇಲ್ಮೈಯದು, ಮಳೆಯ ನೀರೂ ನೆರಳೂ ಸೇರಿ ಬೆಳೆದದ್ದು, ತೊಳೆದರೆ ಹೋಗುತ್ತದೆ. ಬಿಳಿ ಬೇರೆ. ಗೋಡೆಯಿಂದ ಉಪ್ಪಿನಂಥ ಬಿಳಿ ಪುಡಿ ಹೊರಗೆ ಬರುತ್ತಿದ್ದರೆ, ಬಣ್ಣ ಹಪ್ಪಳದಂತೆ ಉಬ್ಬಿದ್ದರೆ, ನೀರು ಒಳಗಿನಿಂದ ಬರುತ್ತಿದೆ. ಅದನ್ನು ತೊಳೆದರೆ ವಾರದಲ್ಲಿ ಮತ್ತೆ ಬರುತ್ತದೆ. ಅಂಥ ಗೋಡೆ ಕಂಡಾಗ ನಾನು ಒತ್ತಡದಿಂದ ನೀರು ಚಿಮ್ಮುವ ಯಂತ್ರ ಇಳಿಸುವ ಮೊದಲೇ ಏಜೆಂಟರಿಗೆ ಫೋಟೋ ಕಳಿಸಿ, ಇದು ನನ್ನ ಕೆಲಸ ಮೀರಿದ್ದು ಎಂದು ಹೇಳುತ್ತೇನೆ. 'ಸುಮ್ಮನೆ ತೊಳೆದುಬಿಡಿ, ಶನಿವಾರ ಪಾರ್ಟಿ ಬರುತ್ತಾರೆ' ಎಂದವರೂ ಇದ್ದಾರೆ. ನಾನು ವಾಪಸ್ ಬಂದಿದ್ದೇನೆ. ದೊಡ್ಡ ಪ್ರಾಮಾಣಿಕತೆ ಎಂದುಕೊಳ್ಳಬೇಡಿ. ಮನೆ ಕೊಂಡವರು ಮೊದಲ ಮಳೆಗೆ ಜಗಳಕ್ಕೆ ಬಂದಾಗ ಏಜೆಂಟರ ಬೆರಳು ನನ್ನ ಕಡೆಗೇ ತಿರುಗುತ್ತದೆ. ಬಣ್ಣದ ವಿಷಯದಲ್ಲೂ ಅಷ್ಟೇ. ಹಳೆಯ ಬಣ್ಣದ ಗೋಡೆಯನ್ನು ಮೊದಲು ಅಂಗೈಯಿಂದ ಸವರಿ. ಅಂಗೈಗೆ ಪುಡಿ ಬಂದರೆ ಆ ಬಣ್ಣದ ಆಯಸ್ಸು ಮುಗಿದಿದೆ. ಜೋರಾಗಿ ನೀರು ಹೊಡೆದರೆ ಪಾಚಿಯ ಜೊತೆ ಬಣ್ಣವೂ ಬರುತ್ತದೆ. ಮೊದಲೇ ಹೇಳಿದರೆ ನೀವು ತಿಳಿದವರು. ಆಮೇಲೆ ಹೇಳಿದರೆ ಹಾಳು ಮಾಡಿದವರು.

ಏಜೆಂಟರ ಭಯ ಎಂಥದ್ದು ಎಂದು ನನಗೆ ತಿಳಿದದ್ದು ಒಂದು ತುಳಸಿ ಗಿಡದಿಂದ. ಬಸವನಗುಡಿಯ ಹಳೆಯ ಮನೆ. ಕೆಳಗೆ ವಯಸ್ಸಾದ ಅಮ್ಮನವರು ಒಬ್ಬರೇ, ಮೇಲಿನ ಮಹಡಿ ಬಾಡಿಗೆಗೆ ಖಾಲಿ. ಇಪ್ಪತ್ತು ವರ್ಷದಿಂದ ಆ ಮನೆಗೆ ಬಾಡಿಗೆದಾರರನ್ನು ತಂದುಕೊಡುತ್ತಿದ್ದ ಏಜೆಂಟರು ನನ್ನನ್ನು ಕಳಿಸಿದ್ದರು. ಪಾಚಿಗೆ ನಾವು ಹಾಕುವುದು ಸೋಡಿಯಂ ಹೈಪೋಕ್ಲೋರೈಟ್ ಎಂಬ ಬ್ಲೀಚು, ನಮ್ಮ ಬಾಯಲ್ಲಿ ಹೈಪೋ; ನೀರು ಬೆರೆಸಿ ತೆಳ್ಳಗೆ ಮಾಡಿ ಸಿಂಪಡಿಸಿ, ಹತ್ತು ಹದಿನೈದು ನಿಮಿಷ ಬಿಟ್ಟು ತೊಳೆಯುತ್ತೇವೆ. ಗೋಡೆ ಪಕ್ಕದ ಕ್ರೋಟನ್, ಗುಲಾಬಿ ಕುಂಡಗಳಿಗೆ ಪ್ಲಾಸ್ಟಿಕ್ ಹೊದಿಸಿದ್ದೆ. ತುಳಸಿ ಕಟ್ಟೆ ಅಂಗಳದ ನಡುವೆ, ಗೋಡೆಯಿಂದ ಎಂಟಡಿ ದೂರ. ಅಲ್ಲಿಗೇನು ಹಾರುತ್ತದೆ ಎಂದುಕೊಂಡೆ. ಮಧ್ಯಾಹ್ನ ಗಾಳಿ ಎದ್ದಿತ್ತು. ಮೂರನೆಯ ದಿನಕ್ಕೆ ತುಳಸಿಯ ಎಲೆಗಳು ಬೆಳ್ಳಗಾಗಿ ಸುರುಟಿಕೊಂಡವು. ಅಮ್ಮನವರು ನನಗೆ ಫೋನ್ ಮಾಡಲಿಲ್ಲ, ಏಜೆಂಟರಿಗೆ ಮಾಡಿದರು. ಅವರು ನನ್ನನ್ನು ಕರೆದು ಬೈಯಲೂ ಇಲ್ಲ. 'ಗೋಡೆ ಕೆಟ್ಟಿದ್ದರೆ ಬಣ್ಣ ಹೊಡೆಸಿ ಕೊಡುತ್ತಿದ್ದೆ. ತುಳಸಿಗೆ ಏನು ಹೇಳಲಿ, ನೀವೇ ಹೇಳಿ' ಎಂದರು. ಲಾಲ್‌ಬಾಗಿನ ನರ್ಸರಿಯಿಂದ ಒಂದು ಕೃಷ್ಣ ತುಳಸಿ, ಒಂದು ರಾಮ ತುಳಸಿ ತಂದು ಕೊಟ್ಟು ಬಂದೆ. ಅಮ್ಮನವರು ಒಂದು ಮಾತೂ ಆಡದೆ ತೆಗೆದುಕೊಂಡರು. ನಾನು ಬೇಡವೆಂದರೂ ನನ್ನ ಬಿಲ್ಲನ್ನು ಒಂದು ರೂಪಾಯಿಯೂ ಬಿಡದೆ ಎಣಿಸಿ ಕೊಟ್ಟರು. ಬೈದಿದ್ದರೆ ವಾಸಿ ಇತ್ತು. ಆ ಏಜೆಂಟರು ಏಳು ತಿಂಗಳು ನನ್ನ ಫೋನ್ ತೆಗೆಯಲಿಲ್ಲ.

ಒಂದು ಬಾಡಿಗೆ ಕುದುರಿಸಿದರೆ ಏಜೆಂಟರಿಗೆ ಸಿಗುವುದು ಒಂದು ತಿಂಗಳ ಬಾಡಿಗೆ. ಮಾರಾಟವಾದರೆ ಶೇ. 1ರಿಂದ 2. ಆದರೆ ಒಬ್ಬ ಮಾಲೀಕರ ಮನೆಯಲ್ಲಿ ಹೆಸರು ಕೆಟ್ಟರೆ, ಆ ಮಾಲೀಕರ ಅಕ್ಕನ ಮನೆ, ಭಾವನ ಸೈಟು, ಎದುರು ಮನೆಯವರ ಔಟ್‌ಹೌಸು ಎಲ್ಲ ಕೈಬಿಡುತ್ತವೆ. ನಿಮ್ಮನ್ನು ಶಿಫಾರಸು ಮಾಡುವಾಗ ಅವರು ಒತ್ತೆ ಇಡುವುದು ಅದನ್ನು. ಆದ್ದರಿಂದ ಅವರೆದುರು ನಿಮ್ಮ ಯಂತ್ರ ಎಷ್ಟು ಬಾರ್ ಒತ್ತಡದ್ದು ಎಂದು ಕೊಚ್ಚಿಕೊಳ್ಳುವುದಕ್ಕಿಂತ, ಏನೇನು ಕೆಡದಂತೆ ನೋಡಿಕೊಳ್ಳುತ್ತೀರಿ ಎಂದು ಹೇಳಿ. ನನ್ನ ಬಳಿ ಈಗ ಒಂದು ಪುಟದ ಕಾಗದವಿದೆ, ಕನ್ನಡದಲ್ಲಿ. ಗಿಡಗಳಿಗೆ ಕೆಲಸದ ಮೊದಲೂ ಆಮೇಲೂ ಧಾರಾಳ ನೀರು. ಹೊದಿಸುವುದಾದರೆ ಒದ್ದೆ ಹತ್ತಿ ಬಟ್ಟೆ, ಏಕೆಂದರೆ ಬಿಸಿಲಿನಲ್ಲಿ ಪ್ಲಾಸ್ಟಿಕ್ಕಿನ ಒಳಗೆ ಗಿಡ ಬೆಂದೇ ಹೋಗುತ್ತದೆ. ತುಳಸಿ ಕಟ್ಟೆ ಎಷ್ಟು ದೂರವಿದ್ದರೂ ಮುಚ್ಚಬೇಕು. ಹೊಸ್ತಿಲಿನ ರಂಗೋಲಿ, ಬಾಗಿಲಿನ ತೋರಣ ಮುಟ್ಟಬಾರದು. ಸಂಪಿನ ಮುಚ್ಚಳದ ಸುತ್ತ ಹಾಳೆ ಹಾಸಿ ಅಂಚು ಬಿಗಿಯಬೇಕು; ನಮ್ಮ ಮನೆಗಳಲ್ಲಿ ಸಂಪು ಪೋರ್ಟಿಕೋದಲ್ಲೇ ಇರುತ್ತದಲ್ಲ, ಹೈಪೋ ನೀರು ಅದರೊಳಗೆ ಇಳಿದರೆ ಕತೆ ಮುಗಿಯಿತು. ತಾರಸಿ ತೊಳೆಯುವ ಮೊದಲು ಮಳೆನೀರು ಕೊಯ್ಲಿನ ಪೈಪು ಸಂಪಿಗೆ ಸೇರುವ ಕಡೆ ಬಿಚ್ಚಬೇಕು. 2009ರಿಂದ ಬೆಂಗಳೂರಿನಲ್ಲಿ 2,400 ಚದರಡಿ ಅಥವಾ ಅದಕ್ಕಿಂತ ದೊಡ್ಡ ಸೈಟಿನ ಹಳೆಯ ಮನೆಗಳಿಗೂ 1,200 ಚದರಡಿ ಅಥವಾ ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯವಾಗಿರುವುದರಿಂದ ಈ ಪೈಪು ಅನೇಕ ಮನೆಗಳಲ್ಲಿ ಇದೆ, ಎಲ್ಲಿದೆ ಎಂದು ಮಾಲೀಕರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಆ ಕಾಗದದ ಕೊನೆಯ ಸಾಲು ನನ್ನ ಹುಡುಗರಿಗೆ: ಹೈಪೋ ಇರುವ ಕಡೆ ಬಾತ್‌ರೂಮ್ ತೊಳೆಯುವ ಆಸಿಡ್ ತರಬೇಡಿ. ಎರಡೂ ಸೇರಿದರೆ ಏಳುವುದು ಕ್ಲೋರಿನ್ ಅನಿಲ, ಅದು ಶ್ವಾಸಕೋಶ ಸುಡುತ್ತದೆ. ಈ ಕಾಗದ ಓದಿದ ಮೇಲೆ ಏಜೆಂಟರು ಬೆಲೆಯಲ್ಲಿ ಚೌಕಾಸಿ ಮಾಡುವುದು ಕಡಿಮೆಯಾಯಿತು. ಯಾಕೆಂದು ಕೇಳಿದರೆ ಒಬ್ಬರು, 'ಸಂಪಿನ ವಿಷಯ ನನಗೇ ಹೊಳೆದಿರಲಿಲ್ಲ' ಎಂದರು.

ನೀರಿನ ಪ್ರಶ್ನೆಯೂ ಬರುತ್ತದೆ. 2024ರ ಮಾರ್ಚಿನಲ್ಲಿ ಜಲಮಂಡಳಿ ಕಾರು ತೊಳೆಯಲು, ಕೈತೋಟಕ್ಕೆ, ಕಟ್ಟಡ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿದ ಬೇಸಿಗೆ ನೆನಪಿರಬೇಕು. ಆ ತಿಂಗಳು ನಾನು ಗೋಡೆಗೆ ನೀರು ಹಿಡಿದಿದ್ದರೆ ರಸ್ತೆಯವರು ನನ್ನನ್ನೇ ತೊಳೆಯುತ್ತಿದ್ದರು. ಸುಮ್ಮನೆ ಮನೆಯಲ್ಲಿದ್ದೆ. ಆಮೇಲಿಂದ ಟಾಟಾ ಏಸ್ ಗಾಡಿಯಲ್ಲಿ ಸಾವಿರ ಲೀಟರಿನ ಟ್ಯಾಂಕು, ಅದರಲ್ಲಿ ಬೋರ್‌ವೆಲ್ ನೀರು. ನನ್ನ ಯಂತ್ರ ನಿಮಿಷಕ್ಕೆ ಎಂಟು ಲೀಟರ್ ಕುಡಿಯುತ್ತದೆ. ಕೈ ಬಿಡದೆ ಒಂದು ಗಂಟೆ ಒತ್ತಿದರೂ 480 ಲೀಟರ್. ಮಾಲೀಕರ ಸಂಪಿನಿಂದ ಒಂದು ಬಕೆಟ್ಟೂ ತೆಗೆಯುವುದಿಲ್ಲ ಎಂಬ ಮಾತಿಗೆ ಬೆಂಗಳೂರಿನಲ್ಲಿ ಇರುವ ಬೆಲೆ ಬೇರೆ ಯಾವ ಊರಿನಲ್ಲೂ ಇರಲಿಕ್ಕಿಲ್ಲ.

ಇನ್ನು ಯಾವ ವೀಡಿಯೊದಲ್ಲೂ ಹೇಳದ ಒಂದು ವಿಷಯ, ಬಾಯಿ. ನೀವು ತೊಳೆಯುವ ಮನೆ ಖಾಲಿ ಇದೆ ಎಂಬುದೇ ಒಂದು ಸರಕು. ಆ ಸುದ್ದಿ ಇನ್ನೊಬ್ಬ ಏಜೆಂಟರ ಕಿವಿಗೆ ಬಿದ್ದರೆ ಅವರು ಮಾಲೀಕರ ನಂಬರ್ ಹುಡುಕುತ್ತಾರೆ. ನನ್ನ ಹುಡುಗನೊಬ್ಬ ಟೀ ಅಂಗಡಿಯಲ್ಲಿ, 'ನಾಳೆ ಆರನೇ ಕ್ರಾಸಿನ ಮೂಲೆ ಮನೆ ತೊಳೆಯುತ್ತೇವೆ, ಖಾಲಿಯಾಯಿತಂತೆ' ಎಂದ. ಪಕ್ಕದಲ್ಲಿ ನಿಂತಿದ್ದವರು ಯಾರೆಂದು ನೀವೇ ಊಹಿಸಿ. ಆ ಹುಡುಗನದೇನೂ ತಪ್ಪಿಲ್ಲ, ನಾನು ಹೇಳಿಕೊಟ್ಟಿರಲಿಲ್ಲ. ಈಗ ಒಬ್ಬ ಏಜೆಂಟರ ಮನೆಯ ಸುದ್ದಿ ಇನ್ನೊಬ್ಬರ ಎದುರು ನಮ್ಮ ಬಾಯಿಂದ ಬರುವುದಿಲ್ಲ. ಕೆಲಸ ಮುಗಿದ ಮೇಲಿನ ಫೋಟೋಗಳನ್ನು ನಮ್ಮ ಪ್ರಚಾರಕ್ಕೆ ಹಾಕುವುದಾದರೆ ಮನೆ ಬಾಡಿಗೆಗೆ ಹೋದ ಮೇಲೆ, ಅದೂ ಮನೆ ಸಂಖ್ಯೆ, ಗೇಟಿನ ಹೆಸರು ಕಾಣದಂತೆ. ಏಜೆಂಟರಿಗೆ ಕಳಿಸುವ ಫೋಟೋಗಳ ಮೇಲೆ ನನ್ನ ಹೆಸರು, ನಂಬರ್ ಹಾಕುವುದಿಲ್ಲ. ಮೊದಲು ದೊಡ್ಡದಾಗಿ ಹಾಕುತ್ತಿದ್ದೆ. ಒಬ್ಬರೂ ಅವನ್ನು ಮುಂದೆ ಕಳಿಸುತ್ತಿರಲಿಲ್ಲ. ತಮ್ಮ ಗಿರಾಕಿಗೆ ಕಳಿಸುವ ಚಿತ್ರದ ಮೇಲೆ ಬೇರೆಯವರ ಫೋನ್ ನಂಬರ್ ಯಾರಿಗೆ ಬೇಕು? ಹೆಸರು ತೆಗೆದೆ. ಈಗ ಆ ಫೋಟೋಗಳೇ ಬಾಡಿಗೆ ಜಾಹೀರಾತುಗಳಲ್ಲಿ ಓಡಾಡುತ್ತವೆ. ಮೊದಲು ಮತ್ತು ನಂತರದ ಚಿತ್ರ ಒಂದೇ ಜಾಗದಲ್ಲಿ ನಿಂತು ತೆಗೆದಿರಬೇಕು, ನಾನು ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿಕೊಳ್ಳುತ್ತೇನೆ. ಮಾಲೀಕರು ಕ್ಯಾಲಿಫೋರ್ನಿಯಾದಲ್ಲಿದ್ದರೆ ಅಲ್ಲಿನ ಬೇಸಿಗೆಯಲ್ಲಿ ನಮಗೂ ಅವರಿಗೂ ಹನ್ನೆರಡೂವರೆ ಗಂಟೆಯ ಅಂತರ. ಸಂಜೆ ಏಳೂವರೆಗೆ ಕಳಿಸಿದರೆ ಅವರು ಬೆಳಗಿನ ಕಾಫಿ ಹೊತ್ತಿಗೆ ನೋಡುತ್ತಾರೆ, ಹಣವೂ ಅದೇ ದಿನ ಬರುತ್ತದೆ.

ಕೀಗೆ ಒಂದು ಪುಸ್ತಕ ಇಟ್ಟಿದ್ದೇನೆ. ತೆಗೆದುಕೊಂಡ ಹೊತ್ತು, ಕೊಟ್ಟ ಹೊತ್ತು, ಏಜೆಂಟರ ಸಹಿ. ಕೀಗೆ ಅಲ್ಯೂಮಿನಿಯಂ ಬಿಲ್ಲೆ, ಬಿಲ್ಲೆಯ ಮೇಲೆ ಒಂದು ಅಂಕಿ. ವಿಳಾಸ ಬರೆಯುವುದಿಲ್ಲ, ದಾರಿಯಲ್ಲಿ ಬಿದ್ದರೆ ಸಿಕ್ಕವರಿಗೆ ಅದು ಯಾವ ಮನೆಯದೆಂದು ತಿಳಿಯಬಾರದು. ನನ್ನ ಕೆಲಸಕ್ಕೆ ಗೇಟಿನ ಕೀ ಸಾಕು. ಒಳಬಾಗಿಲಿನ ಕೀಯನ್ನು ಗೊಂಚಲಿನಿಂದ ಬಿಡಿಸಿ ಅವರಿಗೇ ಕೊಟ್ಟುಬಿಡುತ್ತೇನೆ. ಹೀಗೆ ಬಿಡಿಸಿ ಕೊಟ್ಟಾಗ ಏಜೆಂಟರು ಒಂದು ಕ್ಷಣ ನನ್ನ ಮುಖ ನೋಡುತ್ತಾರೆ. ಹತ್ತು ಕರಪತ್ರಕ್ಕಿಂತ ಆ ನೋಟ ಹೆಚ್ಚು ಕೆಲಸ ತಂದಿದೆ.

ಬೆಲೆಯ ಮಾತು ಬೇಗ ಮುಗಿಸುತ್ತೇನೆ. ಏಜೆಂಟರು ಮಾಲೀಕರ ಜೊತೆ ಫೋನಿನಲ್ಲಿದ್ದಾಗಲೇ ಹೇಳಬಹುದಾದ ಬೆಲೆ ಇರಬೇಕು. 'ಬಂದು ನೋಡಿ ಹೇಳುತ್ತೇನೆ' ಎಂದರೆ ಆ ಮಾತು ಅಲ್ಲೇ ಸಾಯುತ್ತದೆ. ನನ್ನದು ಸೈಟಿನ ಅಳತೆ, ಮಹಡಿಗಳ ಲೆಕ್ಕ: ಮೂವತ್ತು-ನಲವತ್ತಕ್ಕೆ ಒಂದು, ನಲವತ್ತು-ಅರವತ್ತಕ್ಕೆ ಇನ್ನೊಂದು, ಮೇಲಿನ ಪ್ರತಿ ಮಹಡಿಗೆ ಇಷ್ಟು. ಕೆಲವು ಮನೆಗಳಲ್ಲಿ ನಷ್ಟವಾಗುತ್ತದೆ, ಆಗಲಿ. ಮಾಲೀಕರಿಗೆ ಹೇಳಲು ಏಜೆಂಟರಿಗೆ ನಾನು ಕೊಟ್ಟಿರುವ ಲೆಕ್ಕ ಇಷ್ಟೇ: ಬಾಡಿಗೆ 30,000 ಇದ್ದರೆ ಖಾಲಿ ಬಿದ್ದ ಪ್ರತಿ ದಿನಕ್ಕೆ 1,000 ಹೋಯಿತು. ತೊಳೆಸುವ ಖರ್ಚು ಎಷ್ಟು ದಿನದ ಬಾಡಿಗೆ ಎಂದು ಅವರೇ ಭಾಗಿಸಿಕೊಳ್ಳುತ್ತಾರೆ.

'ನನಗೆಷ್ಟು?' ಎಂದು ಏಜೆಂಟರು ಕೇಳಿಯೇ ಕೇಳುತ್ತಾರೆ. ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ, ಪೇಂಟರು, ಪ್ಲಂಬರು, ಪ್ಯಾಕರ್ಸ್‌ನವರು ಕೊಡುತ್ತಿರುತ್ತಾರೆ. ನಾನೂ ಮೊದಲು ಕೊಡುತ್ತಿದ್ದೆ. 6,000ದ ಕೆಲಸಕ್ಕೆ 8,000 ಬಿಲ್, ಮಧ್ಯದ್ದು ಅವರಿಗೆ. ಒಂದು ದಿನ ಹಾಗೆ 8,000 ಕೊಟ್ಟ ಮಾಲೀಕರೊಬ್ಬರ ತಂಗಿಯೇ ಬೇರೆ ಕಡೆಯಿಂದ ನನ್ನ ನಂಬರ್ ಪಡೆದು ಅದೇ ಅಳತೆಯ ಮನೆಗೆ ಬೆಲೆ ಕೇಳಿದರು. ನಾನು 6,000 ಎಂದೆ. 'ಅಣ್ಣನಿಗೆ 8,000 ತೆಗೆದುಕೊಂಡಿರಲ್ಲ?' ಎಂದರು. ಫೋನಿನಲ್ಲಿ ಬೆವರು ಕಾಣುವುದಿಲ್ಲ, ಅಷ್ಟೇ ಪುಣ್ಯ. ಆಮೇಲೆ ಬಿಲ್ಲಿನಲ್ಲಿ ಸೇರಿಸಿ ಕೊಡುವುದನ್ನು ನಿಲ್ಲಿಸಿದೆ. ಅದರಿಂದ ಮೂರು ಏಜೆಂಟರು ಕೈಬಿಟ್ಟರು, ಅವರಲ್ಲಿ ಇಬ್ಬರು ಒಳ್ಳೆಯ ಕೆಲಸ ತರುತ್ತಿದ್ದವರು. ಉಳಿದವರಿಗೆ ಬೇರೆ ರೀತಿ ನಡೆದುಕೊಳ್ಳುತ್ತೇನೆ. ಅವರು ಹೇಳಿದರೆ ಎರಡು ದಿನದೊಳಗೆ ಗಾಡಿ ನಿಲ್ಲುತ್ತದೆ, ಬೇರೆ ಕೆಲಸ ಸರಿಸಿಯಾದರೂ. ಗೌರಿ ಹಬ್ಬದ ಮುಂಚಿನ ವಾರ ಅವರ ಸ್ವಂತ ಮನೆಯ ಮುಂಭಾಗ ತೊಳೆದುಕೊಡುತ್ತೇನೆ, ದುಡ್ಡಿಲ್ಲ. ಅವರ ಮನೆಯವರು ಹಬ್ಬಕ್ಕೆ ಬಂದ ನೆಂಟರೆದುರು ಆಡುವ ಮಾತು ನನಗೆ ಸಿಗುವ ಬಡ್ಡಿ. ಇದೂ ಒಂದು ಥರದ ಲಂಚವೇ ಎಂದು ನಿಮ್ಮಲ್ಲಿ ಯಾರಿಗಾದರೂ ಅನ್ನಿಸಿದರೆ ನಾನು ವಾದ ಮಾಡುವುದಿಲ್ಲ. ಮಾಲೀಕರ ಜೇಬಿನಿಂದ ಹೋಗುವುದಿಲ್ಲ, ಅಷ್ಟು ಹೇಳಬಲ್ಲೆ.

ಯಾವಾಗ ಹೋಗಿ ಭೇಟಿಯಾಗಬೇಕು? ಪಂಚಾಂಗ ನೋಡಿ. ತಮಾಷೆ ಮಾಡುತ್ತಿಲ್ಲ. ಆಷಾಢದಲ್ಲಿ ನಮ್ಮ ಜನ ಮನೆ ಬದಲಿಸುವುದಿಲ್ಲ, ಗೃಹಪ್ರವೇಶ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಹೊರರಾಜ್ಯದಿಂದ ಬಂದ ಐಟಿ ಹುಡುಗರಿಗೆ ಇದೆಲ್ಲ ಲೆಕ್ಕಕ್ಕಿಲ್ಲವಾದರೂ ಹಳೆಯ ಬಡಾವಣೆಗಳ ಏಜೆಂಟರು ಆ ದಿನಗಳಲ್ಲಿ ಪೇಪರ್ ಓದುತ್ತ ಕೂತಿರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ ಬಿಟ್ಟಾಗ ಹೋದರೆ ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ನನಗೆ ಎಲ್ಲಕ್ಕಿಂತ ಒದಗಿ ಬಂದದ್ದು ಧನುರ್ಮಾಸ. ಬೆಂಗಳೂರಿನಲ್ಲಿ ಜೋರು ಮಳೆ ಆಗಸ್ಟಿನಿಂದ ಅಕ್ಟೋಬರ್‌ವರೆಗೆ, ಸೆಪ್ಟೆಂಬರಿನಲ್ಲಿ ಅತಿ ಹೆಚ್ಚು. ಡಿಸೆಂಬರಿಗೆ ಗೋಡೆಗಳು ವರ್ಷದಲ್ಲೇ ಅತ್ಯಂತ ಕಪ್ಪಗಿರುತ್ತವೆ, ಆಕಾಶ ಒಣಗಿರುತ್ತದೆ, ಏಜೆಂಟರಿಗೆ ಪುರುಸೊತ್ತು ಇರುತ್ತದೆ, ಸಂಕ್ರಾಂತಿ ಕಳೆದರೆ ಗಿರಾಕಿಗಳು ಬರುತ್ತಾರೆಂದು ಅವರಿಗೂ ಗೊತ್ತಿರುತ್ತದೆ. ಈ ನಾಲ್ಕೂ ಒಟ್ಟಿಗೆ ಕೂಡುವುದು ಆ ಮೂವತ್ತು ದಿನ. ಆಷಾಢದಲ್ಲಿ ಏಜೆಂಟರು ಸಿಗುತ್ತಾರೆ, ಆದರೆ ಸಿಂಪಡಿಸಿದ ಹೈಪೋ ಕೆಲಸ ಮಾಡುವ ಮೊದಲೇ ತುಂತುರು ಬಂದು ತೊಳೆದುಹಾಕುತ್ತದೆ. ಆ ತಿಂಗಳು ಮಾತು, ಕೆಲಸ ಶ್ರಾವಣದ ಬಿಸಿಲು ನೋಡಿಕೊಂಡು.

ಕೊನೆಗೆ ಒಬ್ಬರು ಎದ್ದು ಒಂದು ಪ್ರಶ್ನೆ ಕೇಳಿದರು. ಅವರು ಕುಂದಾಪುರದ ಕಡೆಯವರು, ಊರಿಗೆ ಮರಳಿ ಇದೇ ಕೆಲಸ ಮಾಡಬೇಕೆಂದಿದ್ದಾರೆ. 'ನಮ್ಮಲ್ಲಿ ಪಾಚಿಗೆ ಬರವಿಲ್ಲ, ಖಾಲಿ ಮನೆಗಳಿಗೂ ಬರವಿಲ್ಲ, ಎಲ್ಲರೂ ಮುಂಬೈಯಲ್ಲಿದ್ದಾರೆ. ಆದರೆ ನೀವು ಹೇಳಿದಂಥ ಏಜೆಂಟರು ಎಲ್ಲಿದ್ದಾರೆ?' ಎಂದರು. ನನಗೆ ಆ ಊರಿನ ವ್ಯವಹಾರ ಗೊತ್ತಿಲ್ಲವೆಂದು ಮೊದಲೇ ಹೇಳಿದೆ. ಒಂದು ಎಚ್ಚರಿಕೆ ಮಾತ್ರ ಕೊಟ್ಟೆ: ಮಂಗಳೂರು ಹಂಚಿನ ಮಾಡಿಗೆ ಒತ್ತಡದ ನೀರು ಹಿಡಿಯಬೇಡಿ, ಹಂಚು ಹಂಚಿನ ಮೇಲೆ ಕೂತಿರುವ ಸಂದಿನಲ್ಲಿ ನೀರು ಮೇಲ್ಮುಖವಾಗಿ ನುಗ್ಗುತ್ತದೆ, ಒಳಗೆ ಹಂಚು ಹೊತ್ತಿರುವ ರೀಪು, ಪಕಾಸಿನ ಮರ ನೆನೆಯುತ್ತದೆ. ಹಳೆಯ ಹಂಚಿನ ಮೇಲೆ ಕಾಲಿಟ್ಟರೆ ಹಂಚೂ ಹೋಯಿತು, ಕಾಲೂ ಹೋಯಿತು. ಆಮೇಲೆ ನಾನೇ ಅವರನ್ನು ಕೇಳಿದೆ, 'ಮುಂಬೈಯವರ ಮನೆಯ ಕೀ ಯಾರ ಬಳಿ ಇರುತ್ತದೆ?' ಎಂದು. ಅವರು ಸ್ವಲ್ಪ ಯೋಚಿಸಿ, 'ತೆಂಗಿನಕಾಯಿ ಕೀಳಿಸುವವರ ಬಳಿ' ಎಂದರು. ಸಭೆ ನಕ್ಕಿತು. ಅವರು ಮಾತ್ರ ನಗದೆ ಕೂತು, ಪುಸ್ತಕ ತೆರೆದು ಏನೋ ಬರೆದುಕೊಂಡರು.